ಭಾವಮೈದನ ಗಾಲಿಮನೆ

ಇಷ್ಟಕ್ಕೆಲ್ಲ ಕಾರಣ ಒಂದು ಬೆತ್ತದ ಕುರ್ಚಿ.

ಹುಷಾರಪ್ಪನ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ಅಳತೆ ಮಾಡಿದಂತೆ ಮೊಣಕಾಲಿನ ಮೇಲೆ ಬೀಳುವ ಜಾಗದಲ್ಲಿ ಅದು ಇತ್ತು. ಕುರ್ಚಿ ಹುಷಾರಪ್ಪನದು, ಕಿಟಕಿ ಹುಷಾರಪ್ಪನದು. ಬಿಸಿಲಿಗೂ ತೆರಿಗೆ ಹಾಕಿದ್ದರೆ ಕಟ್ಟುವವನೂ ಅವನೇ. ಆದರೆ ಅದರಲ್ಲಿ ಕೂರುತ್ತಿದ್ದವನು ಅವನ ಹೆಂಡತಿಯ ತಮ್ಮ. "ಎರಡು ದಿನ ಇದ್ದು ಹೋಗ್ತೀನಿ ಭಾವ" ಅಂತ ಒಂದು ಕೈಚೀಲ ಹಿಡಿದು ಬಂದವನು ಅವನು. ಆ ಕೈಚೀಲ ಹರಿದು, ಒರೆಸುವ ಬಟ್ಟೆಯಾಗಿ, ಕೊನೆಗೆ ಕಸವೂ ಆಗಿಹೋಗಿತ್ತು. ಎರಡು ದಿನ ಮಾತ್ರ ಇನ್ನೂ ಮುಗಿದಿರಲಿಲ್ಲ.

ಹುಷಾರಪ್ಪ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮನೆಗೆ ಬೀಗ ಹಾಕಿ ಮೂರು ಸಲ ಅಲ್ಲಾಡಿಸಿ, ಬೀದಿಯ ಕೊನೆಯವರೆಗೆ ಹೋಗಿ, ವಾಪಸ್ ಬಂದು ಇನ್ನೊಮ್ಮೆ ಅಲ್ಲಾಡಿಸಿ ನೋಡುವ ಮನುಷ್ಯನಿಗೆ ಬೀದಿಯವರು ಮತ್ತೇನು ಹೆಸರಿಡುತ್ತಾರೆ? ಅವನ ಹತ್ತಿರ ಒಂದು ಸಣ್ಣ ಪಿಕಪ್ಪು ಇತ್ತು. ಪೀಠೋಪಕರಣದ ಅಂಗಡಿಯ ಮಂಚ, ಬೀರುಗಳನ್ನು ಅದರಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಕನ್ನಡಿ ಒಡೆದವನಲ್ಲ. ಕಡೆಗೆ ಅಂಗಡಿಯವರು ತಮ್ಮದೇ ಲಾರಿ ಕೊಂಡರು. ಪಿಕಪ್ಪು ಮನೆ ಮುಂದೆ ನಿಂತಿತು. ಹುಷಾರಪ್ಪ ಮನೆಯೊಳಗೆ ಕೂತ.

ಅಲ್ಲಿಗೆ ಮನೆಯವರ ಗ್ರಹಚಾರ ಶುರುವಾಯಿತು. ಅಷ್ಟು ದಿನ ರಸ್ತೆಯ ಉದ್ದಕ್ಕೂ ಹಂಚಿಹೋಗುತ್ತಿದ್ದ ಹುಷಾರೆಲ್ಲ ಈಗ ಮನೆಯೊಳಗೇ ಸುರಿಯತೊಡಗಿತು. "ಗ್ಯಾಸ್ ಆರಿಸಿದ್ಯಾ? ನಲ್ಲಿ ತಿರುಗಿಸಿದ್ಯಾ? ಆ ಚಾಕೂನ ಅಂಚಿಗೆ ಇಡಬೇಡ, ಬಿದ್ರೆ ಕಾಲಿಗೆ ಬೀಳುತ್ತೆ." ಹೆಂಡತಿ ಹಲ್ಲು ಕಚ್ಚಿ ಸಹಿಸುತ್ತಿದ್ದಳು. ಸಹಿಸಲಾಗದ ದಿನ, "ನಿಮ್ಮ ಹುಷಾರು ಕೇಳಿ ಕೇಳಿ ನನಗೇ ಹುಷಾರು ತಪ್ಪಿದೆ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಹುಷಾರಪ್ಪ ಪತ್ರಿಕೆ ಹಿಡಿದು ಬಂದಾಗ ಭಾವಮೈದ ಕುರ್ಚಿಯಲ್ಲಿ ಕೂತು, ಕಾಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದ. ಒಂದು ಉಗುರು ಚಂಗನೆ ಹಾರಿ ಹುಷಾರಪ್ಪನ ಟೀ ಲೋಟದೊಳಗೆ ಬಿತ್ತು.

ಲೋಟ ಕೆಳಗಿಟ್ಟು ಹುಷಾರಪ್ಪ ಒಳಗೆ ಹೋದ. ಹೆಂಡತಿಯ ಎದುರು ನಿಂತು ಜೀವಮಾನದಲ್ಲಿ ಮೊದಲ ಸಲ ಹಿಂದೆಮುಂದೆ ನೋಡದೆ ಮಾತಾಡಿದ: "ನೋಡು, ಈ ಮನೇಲಿ ಒಂದೋ ನಾನಿರಬೇಕು, ಇಲ್ಲ ಅವನಿರಬೇಕು. ಯಾರು ಅಂತ ನೀನೇ ನಿರ್ಧಾರ ಮಾಡು."

ಹೆಂಡತಿ ಜಗಳವಾಡಲಿಲ್ಲ, ಅಳಲಿಲ್ಲ. "ಆಗಲಿ, ಸ್ವಲ್ಪ ಯೋಚನೆ ಮಾಡ್ತೀನಿ" ಅಂದಳು.

ಆಮೇಲೆ ಅಕ್ಕ ತಮ್ಮ ಅಡುಗೆಮನೆಯಲ್ಲಿ ಗುಸುಗುಸು ನಡೆಸಿದರು. ಕೆಲವು ದಿನಗಳಾದ ಮೇಲೆ ಯಾರೋ ಟ್ರಾಕ್ಟರಿಗೆ ಕಟ್ಟಿ ಒಂದು ಹಳೇ ಟ್ರೇಲರನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಬರೀ ಟ್ರೇಲರ್ ಅಲ್ಲ, ಗಾಲಿಯ ಮೇಲೆ ನಿಂತ ಪುಟ್ಟ ಮನೆ! ಒಂದು ಮಂಚ, ಒಂದು ಒಲೆ, ಮೂಲೆಯಲ್ಲಿ ಪಾಯಿಖಾನೆ, ಹಿಂಬದಿಯಲ್ಲಿ ನೀರಿನ ಟ್ಯಾಂಕು, ಬದಿಯಲ್ಲಿ ಒಂದು ಕಿಟಕಿ.

"ಬೆಟ್ಟದ ಆಚೆ ಒಂದು ಕಾವಲಿನ ಕೆಲಸ ಸಿಕ್ಕಿದೆ ಭಾವ" ಅಂದ ಭಾವಮೈದ. "ಅಲ್ಲೇ ಇರಬೇಕಂತೆ. ಇರೋಕೆ ಮನೆ ಮಾತ್ರ ನಾವೇ ತಗೊಂಡು ಹೋಗ್ಬೇಕು. ನಿಮ್ಮ ಪಿಕಪ್ಪಿಗೆ ಕಟ್ಟಿ ಎಳೆದುಬಿಟ್ರೆ ಆಯ್ತು."

"ನೀವು ಹೇಳಿದ ಹಾಗೇ ನಿರ್ಧಾರ ಮಾಡಿದೀನಿ. ಇನ್ನು ಮೇಲೆ ಆ ವಿಷಯ ಎತ್ತಬೇಡಿ" ಅಂದಳು ಹೆಂಡತಿ, ತಲೆ ತಗ್ಗಿಸಿಕೊಂಡೇ.

ಅವತ್ತು ಹುಷಾರಪ್ಪ ಎರಡು ತುತ್ತು ಹೆಚ್ಚಿಗೆ ಉಂಡ.

ಆದರೆ ಸಣ್ಣ ಪಿಕಪ್ಪಿಗೆ ಮನೆ ಕಟ್ಟಿ ಎಳೆಯುವುದೆಂದರೆ ಎಮ್ಮೆಗೆ ಹಗ್ಗ ಕಟ್ಟಿ ಎಳೆದಂತಲ್ಲ. ಹುಷಾರಪ್ಪ ಗಾಡಿಯ ಜೊತೆ ಬಂದಿದ್ದ ಕೈಪಿಡಿಯನ್ನು ಹುಡುಕಿ ತೆಗೆದು, ಪರೀಕ್ಷೆಗೆ ಕೂರುವವನಂತೆ ಓದಿದ. ಕೊಂಡಿ ಹಾಕಿಸಿದ. ಟ್ರೇಲರಿನ ಗಾಲಿಗೇ ಬೇರೆ ಬ್ರೇಕು ಜೋಡಿಸಿ, ಅದನ್ನು ಹಿಡಿಯಲು ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಹಿಡಿ ಕೂರಿಸಿದ. ಹಿಂದಿನದು ಕಾಣಲೆಂದು ಉದ್ದ ಕೈಯ ಕನ್ನಡಿ ಹಾಕಿಸಿದ. ಕೇಳಿದವರಿಗೂ ಕೇಳದವರಿಗೂ ಪಾಠ ಹೇಳಿದ: "ಎಳೆಯೋ ಶಕ್ತಿ ಬೇರೆ, ಹೊರೋ ಶಕ್ತಿ ಬೇರೆ, ನಿಲ್ಲಿಸೋ ಶಕ್ತಿ ಬೇರೆ. ಎಳೆಯೋದನ್ನ ಎಲ್ಲರೂ ನೋಡ್ತಾರೆ ಕಣ್ರೀ, ನಿಲ್ಲಿಸೋದನ್ನ ಯಾರೂ ನೋಡಲ್ಲ."

ಹೊರಡುವ ದಿನ ಬೆಳಿಗ್ಗೆ ಅವನೇ ಎಲ್ಲ ಜೋಡಿಸಿದ. ಭಾರದ ಸಾಮಾನೆಲ್ಲ ಟ್ರೇಲರಿನ ಗಾಲಿಗಿಂತ ಮುಂದೆ, ಹಗುರವಾದದ್ದು ಹಿಂದೆ. ಕೊಂಡಿಯ ಮೇಲೆ ಹದವಾದ ಭಾರ. ಕೊಂಡಿಯ ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡಹಾಯುವಂತೆ. ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರಲಿ ಅಂತ. ಪಿಕಪ್ಪಿನ ಹಿಂಭಾಗ ಒಂದಿಷ್ಟೇ ತಗ್ಗಿತ್ತು, ದೊಡ್ಡವರ ಎದುರು ಬಗ್ಗುವಷ್ಟು. ಸರಿ ಅಂದುಕೊಂಡು ಅವನು ಸ್ನಾನಕ್ಕೆ ಹೋದ.

ಅಷ್ಟು ಹೊತ್ತು ಬೀದಿಗೆ ಸಾಕಾಯಿತು.

ಮೊದಲು ಬಂದವರು ಪಕ್ಕದ ಮನೆಯ ಮ್ಯಾನೇಜರು. ನಿವೃತ್ತರಾದ ಮೇಲೆ ಆಫೀಸು ಹೋಗಿ ಬೀದಿಯೊಂದೇ ಉಳಿದದ್ದರಿಂದ ಅದನ್ನೇ ನಡೆಸುತ್ತಿದ್ದರು. ಪಿಕಪ್ಪಿನ ಹಿಂಭಾಗ ನೋಡಿ, "ಏನಿದು, ಗಾಡಿ ಕುಕ್ಕರುಗಾಲಲ್ಲಿ ಕೂತ ಹಾಗಿದೆಯಲ್ಲ! ಮುಂದಿನ ಭಾರ ಹಿಂದಕ್ಕೆ ಹಾಕ್ರಯ್ಯ, ಪಾಪದ ಗಾಡಿ ಉಸಿರಾಡಲಿ" ಅಂದರು. ಎದುರುಮನೆಯ ಅಜ್ಜಿ, "ನೀರಿಲ್ಲದ ಕಡೆ ಹೋಗೋ ಜೀವ" ಅಂತ ಕಣ್ಣೊರೆಸಿಕೊಂಡು ಕೊಳವೆ ಎಳೆದು ಹಿಂದಿನ ಟ್ಯಾಂಕನ್ನು ತುಂಬಿ ತುಳುಕುವವರೆಗೆ ತುಂಬಿಸಿದರು. ಬೀದಿಯ ತಿರುವಿನಲ್ಲಿ ಅಂಗಡಿ ಇಟ್ಟಿದ್ದ ಟೈಲರು, ಗೋಣಿತಾಟಿನಲ್ಲಿ ಸುತ್ತಿ ಹೊಲಿದ ಒಂದು ಪೆಟ್ಟಿಗೆಯನ್ನು ಭಾವಮೈದನ ಜೊತೆ ಏದುಸಿರು ಬಿಡುತ್ತ ತಂದು ಟ್ರೇಲರಿನ ಹಿಂದಿನ ಬಂಪರಿಗೆ ಕಟ್ಟಿದ. ಮ್ಯಾನೇಜರು ತಮ್ಮ ಮನೆಯ ಅಟ್ಟದಲ್ಲಿದ್ದ ಹಳೇ ಪತ್ರಿಕೆಯ ಕಟ್ಟುಗಳನ್ನೆಲ್ಲ ಅದರ ಮೇಲೆ ಹೇರಿಸಿದರು. "ಇರಲಿ, ಹೊತ್ತು ಹೋಗಬೇಕಲ್ಲ."

ಹುಷಾರಪ್ಪ ತಲೆ ಒರೆಸಿಕೊಳ್ಳುತ್ತ ಬರುವಾಗ ಅವನ ಬೆತ್ತದ ಕುರ್ಚಿ ಟ್ರೇಲರಿನೊಳಗೆ ಹೋಗುತ್ತಿತ್ತು. ಅದರ ಹಿಂದೆ ಅವನ ರೇಡಿಯೋ, ಅವನ ಉಣ್ಣೆಯ ಹೊದಿಕೆ.

ಬಾಯಿ ತೆರೆದವನು ಮುಚ್ಚಿಕೊಂಡ. ಜಿಗಣೆ ಬಿಡುವಾಗ ಸ್ವಲ್ಪ ರಕ್ತ ತಗೊಂಡೇ ಬಿಡುತ್ತದೆ. ಹೋಗಲಿ, ಹೊಸ ಕುರ್ಚಿ ತಂದರಾಯಿತು. ಕಿಟಕಿಯನ್ನಂತೂ ಕಿತ್ತುಕೊಂಡು ಹೋಗಲಾರ.

ಆಮೇಲೆ ಅವನ ಕಣ್ಣು ಕೊಂಡಿಯ ಕಡೆ ಹೋಯಿತು. ತಗ್ಗಿದ್ದ ಪಿಕಪ್ಪಿನ ಹಿಂಭಾಗ ಈಗ ಮೇಲೆದ್ದಿತ್ತು. ಗಾಡಿ ಮೂಗು ತಗ್ಗಿಸಿ ಹಿಂದಿನ ಕಾಲು ಎತ್ತಿದ ಕತ್ತೆಯಂತೆ ನಿಂತಿತ್ತು.

"ಯಾರು ಭಾರ ಹಿಂದಕ್ಕೆ ಹಾಕಿದ್ದು? ಬಾಗಿಲು ತೆಗಿಯೋ, ಒಳಗೆ ನೋಡ್ಬೇಕು."

"ಬೀಗ ಹಾಕಾಯ್ತು ಭಾವ" ಅಂದ ಭಾವಮೈದ, ಬಾಗಿಲಿಗೆ ಬೆನ್ನು ಕೊಟ್ಟು. "ಎಲ್ಲ ನೀಟಾಗಿ ಸೆಟ್ ಆಗಿದೆ. ಮತ್ತೆ ತೆಗೆದ್ರೆ ಕೆಡುತ್ತೆ."

"ಹಿಂದೆ ಭಾರ ಆದ್ರೆ ಕೊಂಡಿ ಮೇಲೆ ಹಿಡಿತ ಇರಲ್ಲ ಕಣೋ. ಇಳಿಜಾರಲ್ಲಿ ಬಾಲ ಬೀಸುತ್ತೆ."

"ಹಾಗಾದ್ರೆ ಬೇಡ ಬಿಡಿ. ಇವತ್ತು ಬೇಡ, ಇನ್ಯಾವತ್ತಾದ್ರೂ ಹೋಗೋಣ. ನನಗೇನು ಅವಸರ?"

ಇನ್ಯಾವತ್ತಾದರೂ! ಭಾವಮೈದನ ಎರಡು ದಿನವೇ ಇಷ್ಟು ಉದ್ದವಾದರೆ, ಅವನ ಇನ್ಯಾವತ್ತಾದರೂ ಎಷ್ಟು ಉದ್ದವಿರಬೇಕು? ಒಳಗೆ ನೋಡದೆ, ಭಾರ ತೂಗದೆ, ಬದುಕಿನಲ್ಲಿ ಮೊದಲ ಬಾರಿಗೆ ಅವನು "ಸರಿ, ಹತ್ತು" ಅಂದುಬಿಟ್ಟ.

ಬೀದಿಗೆ ಬೀದಿಯೇ ಬೀಳ್ಕೊಡಲು ನಿಂತಿತ್ತು. ವಿಚಿತ್ರವೆಂದರೆ ಎಲ್ಲರೂ ಹುಷಾರಪ್ಪನ ಕೈಯನ್ನೇ ಹಿಡಿದುಕೊಂಡರು. "ಆರೋಗ್ಯ ನೋಡ್ಕೊಳ್ಳಿ" ಅಂದ ಟೈಲರು, ಅಂಗಿಯ ಅಳತೆ ತೆಗೆಯುವವನಂತೆ ಅಪ್ಪಿಕೊಂಡು. ಹೆಂಡತಿ ಕಿಟಕಿಯ ಹತ್ತಿರ ಬಂದಳು. ಕಣ್ಣು ಒದ್ದೆಯಾಗಿತ್ತು. "ಹೊತ್ತಿಗೆ ಸರಿಯಾಗಿ ಊಟ ಮಾಡಿ" ಅಂದಳು.

"ಅಯ್ಯೋ, ಸಂಜೆ ಊಟಕ್ಕೆ ಬಂದೇ ಬರ್ತೀನಿ ಬಿಡೆ" ಅಂದ ಹುಷಾರಪ್ಪ. ತಮ್ಮ ಹೋಗುತ್ತಾನೆಂಬ ದುಃಖದಲ್ಲಿ ಪಾಪ ಏನೇನೋ ಹೇಳುತ್ತಿದ್ದಾಳೆ ಅಂತ ಅವನಿಗೆ ಮರುಕವಾಯಿತು.

ಮುಂದಿನ ಸೀಟಿನಲ್ಲಿ ಮೂವರು ಕೂತರು. ಸ್ಟೇರಿಂಗಿಗೆ ಹುಷಾರಪ್ಪ, ನಡುವೆ ಭಾವಮೈದ, ಬಾಗಿಲ ಕಡೆ ಮ್ಯಾನೇಜರು.

"ನೀವ್ಯಾಕೆ ತೊಂದರೆ ತಗೊಳ್ತೀರಿ ಸಾರ್? ಮೂರು ಜನಕ್ಕೆ ಇಕ್ಕಟ್ಟು."

"ಹೋಗುವಾಗ ಇಕ್ಕಟ್ಟು, ಬರುವಾಗ ಆರಾಮ" ಅಂದರು ಮ್ಯಾನೇಜರು. ಭಾವಮೈದ ಅವರ ತೊಡೆ ಚಿವುಟಿದ್ದು ಹುಷಾರಪ್ಪನಿಗೆ ಕಾಣಲಿಲ್ಲ. ಅವನು ಕನ್ನಡಿ ಸರಿಮಾಡುತ್ತಿದ್ದ. ಮಾತು ಸರಿಯಾಗಿಯೇ ಇತ್ತಲ್ಲ; ಬರುವಾಗ ಒಬ್ಬ ಕಡಿಮೆ!

ಬೀದಿಯ ತಿರುವಿನಲ್ಲಿ ಮ್ಯಾನೇಜರು ಮಾರ್ಗದರ್ಶನ ಶುರುಮಾಡಿದರು. "ಈಗಲೇ ತಿರುಗಿಸಿ, ಈಗಲೇ!"

"ಇನ್ನೂ ಮುಂದೆ ಹೋಗಿ ಅಗಲವಾಗಿ ತಿರುಗಿಸ್ಬೇಕು ಸಾರ್. ಹಿಂದಿನದು ನಮ್ಮ ದಾರೀಲಿ ಬರಲ್ಲ, ಒಳದಾರಿ ಹಿಡಿಯುತ್ತೆ."

"ನಾನು ಇಡೀ ಆಫೀಸನ್ನ ತಿರುಗಿಸಿದೋನು, ನನಗೆ ಹೇಳ್ತೀರಾ!" ಅಂತ ಅವರು ಸ್ಟೇರಿಂಗಿಗೇ ಕೈಹಾಕಿದರು.

ಪಿಕಪ್ಪು ತಿರುಗಿತು. ಹಿಂದಿನ ಗಾಲಿಮನೆ ಒಳದಾರಿ ಹಿಡಿದು ಟೈಲರ್ ಅಂಗಡಿಯ ಬೋರ್ಡನ್ನು ಚೂರೂ ಬಿಡದೆ ಉಜ್ಜಿಕೊಂಡು ಹೋಯಿತು. ಬೋರ್ಡಿನ ಮೇಲೆ ಕೋಟು ಹಾಕಿಕೊಂಡು ನಿಂತಿದ್ದ ಚಿತ್ರದ ಮನುಷ್ಯ ಅರ್ಧ ಕೋಟಿನೊಂದಿಗೆ ಚರಂಡಿಗೆ ಬಿದ್ದ. ಈಗಷ್ಟೇ ಅಪ್ಪಿಕೊಂಡಿದ್ದ ಟೈಲರು ಕತ್ತರಿ ಹಿಡಿದು ಓಡಿ ಬರುವುದು ಉದ್ದ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಂಡಿತು.

"ನಿಲ್ಲಿಸಬೇಡಿ" ಅಂದರು ಮ್ಯಾನೇಜರು. "ವಾಪಸ್ ಬರುವಾಗ ನಾವು ಮಾತಾಡ್ತೀವಿ."

ಊರು ದಾಟುವವರೆಗೆ ಹುಷಾರಪ್ಪ ಆಮೆಗೆ ನಾಚಿಕೆಯಾಗುವಂತೆ ನಡೆಸಿದ. ಹಿಂದಿನಿಂದ ಹಾರನ್ನುಗಳ ಮೆರವಣಿಗೆ. ಭಾವಮೈದ ಮಾತ್ರ ಈ ದಿನ ಎಂದಿಲ್ಲದ ಶ್ರದ್ಧೆಯಿಂದ ಗಾಡಿ ನೋಡುತ್ತಿದ್ದ.

"ಮೂರನೇ ಗೇರು ಸ್ವಲ್ಪ ಬಿಗಿ ಅಲ್ವಾ ಭಾವ?"

"ಹೂಂ. ಕ್ಲಚ್ಚು ಪೂರ್ತಿ ಒತ್ತಿ, ಒಂದು ಗಳಿಗೆ ತಡೆದು ಹಾಕ್ಬೇಕು."

"ಮತ್ತೆ ಡೀಸೆಲ್ ಮುಳ್ಳು ಸರಿಯಾಗಿ ತೋರಿಸುತ್ತಾ?"

ಹೋಗುವ ಮುಂಚೆಯಾದರೂ ಬುದ್ಧಿ ಬಂತಲ್ಲ ಅಂತ ಹುಷಾರಪ್ಪ ಪ್ರೀತಿಯಿಂದ ಒಂದೊಂದನ್ನೇ ಹೇಳಿಕೊಟ್ಟ.

ಬೆಟ್ಟದ ರಸ್ತೆ ಏರಿದರು. ಪಿಕಪ್ಪು ಉಬ್ಬಸದ ಮುದುಕನಂತೆ ಏದುತ್ತ ಏರಿತು. ಏರುವುದು ಕಷ್ಟವಲ್ಲ ಅಂತ ಹುಷಾರಪ್ಪನಿಗೆ ಗೊತ್ತಿತ್ತು. ತುದಿ ದಾಟಿ ಇಳಿಜಾರು ಶುರುವಾಯಿತು. ಅವನು ಗೇರು ಇಳಿಸಿದ. ಅಷ್ಟರಲ್ಲಿ ಒಂದು ದೊಡ್ಡ ಬಸ್ಸು ಭರ್ರನೆ ಪಕ್ಕದಲ್ಲೇ ದಾಟಿಹೋಯಿತು. ಅದರ ಗಾಳಿ ಗಾಲಿಮನೆಯ ಕೆನ್ನೆಗೆ ಬಡಿಯಿತು.

ಮೊದಲು ಸೀಟು ಎಡಕ್ಕೆ ಜರುಗಿದ ಹಾಗಾಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಇನ್ನೂ ಜೋರಾಗಿ. ಕನ್ನಡಿಯಲ್ಲಿ ನೋಡಿದರೆ ಗಾಲಿಮನೆ ಒಮ್ಮೆ ಈ ಕನ್ನಡಿಯಲ್ಲಿ, ಒಮ್ಮೆ ಆ ಕನ್ನಡಿಯಲ್ಲಿ! ಅಂಗಡಿ ಮುಂದೆ ಹಠ ಹಿಡಿದ ಮಗು ಅಮ್ಮನ ಸೆರಗು ಹಿಡಿದು ಎಳೆದಾಡುವ ಹಾಗೆ ಅದು ಪಿಕಪ್ಪನ್ನು ಎಳೆದಾಡುತ್ತಿತ್ತು. ಎಡಕ್ಕೆ ಪ್ರಪಾತ.

"ಬ್ರೇಕ್! ಬ್ರೇಕ್ ಒತ್ರೀ!" ಮ್ಯಾನೇಜರು ಕಿರುಚಿದರು.

"ಜೋರಾಗಿ ಬಿಡಿ ಭಾವ, ತಪ್ಪಿಸ್ಕೊಂಡು ಹೋಗೋಣ!" ಭಾವಮೈದ ಕೂಗಿದ, ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬಂದವನಂತೆ.

"ಬಾಯಿ ಮುಚ್ಚಿ ಇಬ್ಬರೂ!"

ಆ ಧ್ವನಿ ಹುಷಾರಪ್ಪನದೇ ಅಂತ ನಂಬಲು ಮೂವರಿಗೂ ಕಷ್ಟವಾಯಿತು. ಅವನು ಬ್ರೇಕು ಒತ್ತಲಿಲ್ಲ. ಒತ್ತಿದ್ದರೆ ಮುಂದಿನದು ನಿಂತು ಹಿಂದಿನದು ಮಡಚಿಕೊಂಡು ಬಂದು ಕೆನ್ನೆಗೆ ಬಾರಿಸುತ್ತಿತ್ತು. ಸ್ಟೇರಿಂಗನ್ನು ಕಲ್ಲಿನಂತೆ ನೇರ ಹಿಡಿದ. ಕಾಲನ್ನು ಆಕ್ಸಿಲರೇಟರಿನಿಂದ ಮೆಲ್ಲಗೆ ಎತ್ತಿದ. ಸ್ಟೇರಿಂಗಿನ ಕೆಳಗಿನ ಸಣ್ಣ ಹಿಡಿಯನ್ನು ಹಗುರವಾಗಿ ಹಿಂಡಿದ. ಹಿಂದಿನ ಗಾಲಿಗಳು ಮಾತ್ರ ಬಿಗಿಹಿಡಿದವು, ಸರಪಳಿ ಝಣ್ಣೆಂದಿತು, ಯಾರೋ ಹಿಂದಿನಿಂದ ಕಿವಿ ಹಿಡಿದು ಎಳೆದಂತೆ ಗಾಲಿಮನೆ ನೇರವಾಯಿತು. ಇನ್ನೊಮ್ಮೆ ಅಲ್ಲಾಡಿತು. ಆಮೇಲೆ ಬಿಕ್ಕಳಿಕೆ ನಿಂತ ಮಗುವಿನ ಹಾಗೆ ಸುಮ್ಮನೆ ಹಿಂದೆ ಬಂತು.

ಅಗಲವಾದ ಜಾಗ ಸಿಕ್ಕಿದ ಕೂಡಲೇ ಹುಷಾರಪ್ಪ ಬದಿಗೆ ನಿಲ್ಲಿಸಿದ. ಮ್ಯಾನೇಜರು ಇಳಿದು ರಸ್ತೆಯ ಪಕ್ಕದ ಕಲ್ಲನ್ನು ಅಪ್ಪಿಕೊಂಡು ಕೂತರು.

"ಬೀಗದಕೈ ಕೊಡೋ. ಒಳಗಿನ ಭಾರ ಮುಂದಕ್ಕೆ ಹಾಕ್ಬೇಕು."

"ಬೀಗದಕೈ... ಮನೇಲೇ ಬಿಟ್ಟೆ ಅನ್ಸುತ್ತೆ ಭಾವ."

ಹುಷಾರಪ್ಪ ಅವನನ್ನು ನೋಡಿದ. ಹೊಸ ಮನೆಯ ಬೀಗದಕೈ ಹಳೇ ಮನೆಯಲ್ಲಿ ಬಿಟ್ಟು ಹೊರಡುವವನು! ಇಂಥವನು ಏನು ಕಾವಲು ಕಾಯುತ್ತಾನೋ, ಆ ಕೆಲಸ ಕೊಟ್ಟವರ ಹಣೆಬರಹ ಅಂದುಕೊಂಡ. ಆದರೆ ವಾಪಸ್ ತಿರುಗಿಸುವ ಮಾತೇ ಇಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ ಆಗಿಬಿಟ್ಟರೆ? ಹೊರಗಿನಿಂದಲೇ ಆಗುವುದನ್ನು ಮಾಡಿದ. ಹಿಂದಿನ ಟ್ಯಾಂಕಿನ ನಲ್ಲಿ ತಿರುಗಿಸಿ ಅಜ್ಜಿಯ ಕಣ್ಣೀರಿನ ಸಮೇತ ನೀರನ್ನೆಲ್ಲ ಬೆಟ್ಟಕ್ಕೆ ಬಿಟ್ಟ. ಪತ್ರಿಕೆಯ ಕಟ್ಟುಗಳನ್ನು, ಗೋಣಿಯ ಪೆಟ್ಟಿಗೆಯನ್ನು ಬಂಪರಿನಿಂದ ಬಿಚ್ಚಿ ಪಿಕಪ್ಪಿನ ತೊಟ್ಟಿಯಲ್ಲಿ ಸೀಟಿನ ಬೆನ್ನಿಗೆ ಒತ್ತಿಟ್ಟ.

"ಏನೋ ಇದು, ಹೆಣಭಾರ! ಕಬ್ಬಿಣ ತುಂಬಿದ್ಯಾ?"

"ಕೆಲಸದ ಸಾಮಾನು ಭಾವ. ಅಲ್ಲಿ ಜನರೇಟರ್ ಇದೆಯಂತೆ. ಕೆಟ್ರೆ ರಿಪೇರಿ ಮಾಡ್ಬೇಕಲ್ಲ."

"ನಿನಗೆ ಸ್ಕ್ರೂ ತಿರುಗಿಸೋಕೂ ಬರಲ್ಲ."

"ಅದೇ ಅಲ್ವಾ ಭಾವ" ಅಂತ ಭಾವಮೈದ ದೂರ ನೋಡಿದ.

ಪಿಕಪ್ಪಿನ ಹಿಂಭಾಗ ಮತ್ತೆ ಒಂದಿಷ್ಟೇ ತಗ್ಗಿತು. ಟೈರು ಒದ್ದು ನೋಡಿ, ಕೊಂಡಿಯನ್ನು ಮೂರು ಸಲ ಅಲ್ಲಾಡಿಸಿ ಹುಷಾರಪ್ಪ ಹೊರಟ. ಈಗ ಗಾಲಿಮನೆ ಹೊಸ ಸೊಸೆಯಂತೆ ಹಿಂದೆ ಹಿಂದೆ ಬಂತು. ಕಿಟಕಿಯಿಂದ ತಣ್ಣನೆ ಗಾಳಿ. ಹುಷಾರಪ್ಪನಿಗೆ ಹಾಡಬೇಕೆನ್ನಿಸಿತು. ನಾಳೆ ಬೆಳಿಗ್ಗೆ ಮುಂದಿನ ಕೋಣೆ ತೊಳೆಸಬೇಕು. ಕಿಟಕಿಗೆ ಪರದೆ ಬದಲಿಸಬೇಕು. ಹೊಸ ಕುರ್ಚಿಯಲ್ಲಿ ಕೂತು, ಬಿಸಿಲು ಮೊಣಕಾಲಿನಿಂದ ಪಾದಕ್ಕೆ ಇಳಿಯುವವರೆಗೆ ಪತ್ರಿಕೆ ಓದಬೇಕು. ಯಾರೂ ಮಾತಾಡಿಸಬಾರದು. ಒಬ್ಬನೇ. ಇಡೀ ಕೋಣೆಗೆ ಒಬ್ಬನೇ.

"ಏನೇ ಹೇಳಿ" ಅಂದರು ಬಣ್ಣ ಮರಳಿದ ಮ್ಯಾನೇಜರು, "ನೀವು ಈ ಕೆಲಸಕ್ಕೆ ಹೇಳಿ ಮಾಡಿಸಿದ ಮನುಷ್ಯ."

"ಯಾವ ಕೆಲಸಕ್ಕೆ ಸಾರ್?"

"ಅದೇ... ಈ ಜವಾಬ್ದಾರಿ ಕೆಲಸಕ್ಕೆ."

ಬಿಸಿಲು ಇಳಿಯುವ ಹೊತ್ತಿಗೆ ಜಾಗ ಸಿಕ್ಕಿತು. ಕೆರೆಯ ಪಕ್ಕದಲ್ಲಿ ತಂತಿಬೇಲಿ ಹಾಕಿದ ದೊಡ್ಡ ಬಯಲು. ಮುಂದೆ ಯಾವತ್ತೋ ಅಲ್ಲಿ ರಜೆಗೆ ಬರುವವರಿಗೆ ಮನೆಗಳಾಗುತ್ತವಂತೆ. ಸದ್ಯಕ್ಕೆ ಇಟ್ಟಿಗೆಯ ರಾಶಿ, ಕಬ್ಬಿಣದ ಕಂಬಿ, ಒಂದು ಜನರೇಟರು, ಬೇಕಾದಷ್ಟು ಗಾಳಿ. ಸುತ್ತ ಕಣ್ಣು ಹಾಯುವವರೆಗೆ ನರಪಿಳ್ಳೆ ಇಲ್ಲ. ಭಾವಮೈದನ ಮೇಲೆ ಹುಷಾರಪ್ಪನಿಗೆ ಮೊದಲ ಸಲ ಕರುಣೆ ಹುಟ್ಟಿತು.

ಟೋಪಿ ಹಾಕಿದ ಸೂಪರ್‌ವೈಸರು ಗೇಟು ತೆರೆದ. ಕಿರಿದಾದ ಗೇಟು. ಒಳಗೆ ಹಿಂದಕ್ಕೆ ನಡೆಸಿ, ಎರಡು ಇಟ್ಟಿಗೆ ರಾಶಿಯ ನಡುವೆ ನಿಲ್ಲಿಸಬೇಕು.

"ಬಲಕ್ಕೆ!" ಅಂದರು ಇಳಿದು ನಿಂತ ಮ್ಯಾನೇಜರು. "ಎಡಕ್ಕೆ!" ಅಂದ ಭಾವಮೈದ. ಹುಷಾರಪ್ಪ ಇಬ್ಬರನ್ನೂ ಬಿಟ್ಟು ಕನ್ನಡಿಯನ್ನು ಮಾತ್ರ ನಂಬಿದ. ಸ್ಟೇರಿಂಗಿನ ಕೆಳತುದಿಗೆ ಕೈಯಿಟ್ಟ. ಗಾಲಿಮನೆಯ ಹಿಂಬದಿ ಎಡಕ್ಕೆ ಹೋಗಬೇಕಿದ್ದರೆ ಕೈ ಎಡಕ್ಕೆ, ಬಲಕ್ಕೆ ಹೋಗಬೇಕಿದ್ದರೆ ಬಲಕ್ಕೆ. ತುಸು ತುಸುವೇ. ನಡುವೆ ಒಮ್ಮೆ ಇಳಿದು ಸುತ್ತ ನೋಡಿ ಬಂದ. ಗಾಲಿಮನೆ ಗೂಡಿಗೆ ಹೋಗುವ ಕೋಳಿಯಂತೆ ಒಳಗೆ ಹೋಗಿ ಕೂತಿತು. ಸೂಪರ್‌ವೈಸರು ಬಾಯಿ ತೆರೆದು ನೋಡುತ್ತಿದ್ದ.

ಬಿಚ್ಚುವುದರಲ್ಲೂ ಹುಷಾರಪ್ಪ ಅವಸರಪಡಲಿಲ್ಲ. ಕೊಂಡಿ ಬಿಚ್ಚುವ ಮುಂಚೆ ಗಾಲಿಗೆ ಕಲ್ಲು ಕೊಡಬೇಕು. ದೊಡ್ಡ ದೊಡ್ಡ ಕಲ್ಲುಗಳನ್ನು ಉರುಳಿಸಿಕೊಂಡು ಬಂದು ಪ್ರತಿ ಗಾಲಿಯ ಹಿಂದೆ ಮುಂದೆ ಇಟ್ಟು, ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ. "ಇದು ಇನ್ನು ಇಲ್ಲಿಂದ ಕದಲಬಾರದು" ಅಂತ ಒಂದೊಂದು ಪೆಟ್ಟಿಗೂ ಹೇಳಿಕೊಂಡ. ಆಮೇಲೆ ಜಾಕು ಕೊಟ್ಟು ಮೂತಿ ಎತ್ತಿ, ಸರಪಳಿ ಕಳಚಿ, ಕೊಂಡಿ ಬಿಚ್ಚಿದ. ಪೆಟ್ಟಿಗೆಯನ್ನೂ ಪತ್ರಿಕೆಯ ಕಟ್ಟುಗಳನ್ನೂ ಇಳಿಸಿದ.

"ಪಿಕಪ್ಪು ನಾನು ಗೇಟಿನ ಹೊರಗೆ ತೆಗೀತೀನಿ ಭಾವ, ನೀವು ದಣಿದಿದೀರಿ" ಅಂದ ಭಾವಮೈದ. ಕೀಲಿ ಇಸಿದುಕೊಂಡು, ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಗಾಲಿಮನೆಯ ಬೀಗದಕೈ ತೆಗೆದು ಕೊಟ್ಟ. "ಅರೆ, ಇಲ್ಲೇ ಇತ್ತು ನೋಡಿ. ಒಳಗೆ ಏನಾದ್ರೂ ಬಿದ್ದಿದ್ಯಾ ನೋಡಿ. ನೀವು ನೋಡಿದ್ರೇ ಸಮಾಧಾನ."

ಹುಷಾರಪ್ಪ ಬೀಗ ತೆಗೆದು ಒಳಗೆ ಹೋದ.

ಕಿಟಕಿಯ ಪಕ್ಕದಲ್ಲಿ ಬೆತ್ತದ ಕುರ್ಚಿ ಇತ್ತು, ಕಾಲು ನೆಲಕ್ಕೆ ಹಗ್ಗದಲ್ಲಿ ಕಟ್ಟಿದ್ದರು. ಅದರ ಎದುರು ರೇಡಿಯೋ. ಮಂಚದ ಮೇಲೆ ಅವನ ಹೊದಿಕೆ. ಅದರ ಮೇಲೆ ಅವನ ದಿಂಬು. ದಿಂಬಿನ ನಡುವಿನ ತಗ್ಗು ಅವನ ತಲೆಯದೇ. ಕಪಾಟು ತೆಗೆದ. ಅವನ ಅಂಗಿಗಳು, ಅವನ ಮಫ್ಲರು, ಅವನ ಕ್ಷೌರದ ಸಾಮಾನು, ಅವನ ರಕ್ತದೊತ್ತಡದ ಮಾತ್ರೆ, ಬೆಳಗಿನದು ಒಂದು ಡಬ್ಬಿಯಲ್ಲಿ, ಸಂಜೆಯದು ಒಂದರಲ್ಲಿ.

ಕಳ್ಳ! ನನ್ನ ಮಾತ್ರೆಯನ್ನೂ ಬಿಟ್ಟಿಲ್ಲವಲ್ಲ! ಅಂತ ಹುಷಾರಪ್ಪ ರೇಗಿ ತಿರುಗಿದ. ಬಾಗಿಲಲ್ಲಿ ಸೂಪರ್‌ವೈಸರು ಟೋಪಿ ತೆಗೆದು ನಿಂತಿದ್ದ.

"ಎಲ್ಲ ಸರಿಯಾಗಿದ್ಯಾ ಯಜಮಾನ್ರೇ? ಬೆಳಿಗ್ಗೆ ಲಾರಿ ಬಂದಾಗ ಗೇಟು ತೆಗೀಬೇಕು, ಹೋದ ಮೇಲೆ ಬೀಗ ಹಾಕ್ಬೇಕು. ಹಿಂದೆ ಇದ್ದೋನು ಮಲಗಿಬಿಡ್ತಿದ್ದ. ನಿಮ್ಮ ಭಾವಮೈದ ಬಂದು ಹೇಳಿದ್ರು, ನಮ್ಮ ಭಾವ ಒಂದು ಬೀಗಾನ ಮೂರು ಸಲ ಅಲ್ಲಾಡಿಸ್ತಾರೆ ಅಂತ. ನಾನು ನಂಬಿರಲಿಲ್ಲ. ಈಗ ನೀವು ಕಲ್ಲು ಕೊಟ್ಟಿದ್ದು ನೋಡಿದ ಮೇಲೆ ನಂಬಿದೆ. ಇಂಥೋರೇ ಬೇಕು ಕಾವಲಿಗೆ."

ಹುಷಾರಪ್ಪ ಕೂತ. ಕೂತದ್ದು ಬೆತ್ತದ ಕುರ್ಚಿಯಲ್ಲೇ. ಹೊರಗಿನ ಗೋಣಿಯ ಪೆಟ್ಟಿಗೆಯಲ್ಲಿ ಯಾರ ರಿಪೇರಿ ಸಾಮಾನಿದೆ ಅಂತ ಈಗ ಹೊಳೆಯಿತು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹೆಂಡತಿ.

"ಮುಟ್ಟಿದ್ರಾ?"

"ಏನಿದು?" ಅಂದ ಅವನು.

"ಕೋಪ ಮಾಡ್ಕೋಬೇಡಿ. ನೀವೇ ಹೇಳಿದ್ರಲ್ಲ, ಒಂದೋ ನಾನಿರಬೇಕು ಇಲ್ಲ ಅವನಿರಬೇಕು, ನೀನೇ ನಿರ್ಧಾರ ಮಾಡು ಅಂತ. ಮಾಡ್ದೆ."

"ಅವನನ್ನ ಕಳಿಸೋದು ಬಿಟ್ಟು..."

"ಅವನನ್ನ ಕಾವಲಿಗೆ ಹಾಕಿದ್ರೆ ಗೇಟನ್ನೇ ಕಳಕೊಂಡು ಬರ್ತಾನೆ. ನೀವೇ ಹೇಳಿ, ಅವನನ್ನ ನಂಬಿ ಒಂದು ಬೇಲಿ ಬಿಡ್ತೀರಾ?"

ಹುಷಾರಪ್ಪ ಯೋಚಿಸಿದ. ಬಿಡುವುದಿಲ್ಲ. ಅದೇ ಕಷ್ಟ. ಎಲ್ಲಿ ಹಿಡಿದು ನೋಡಿದರೂ ಅವಳ ಲೆಕ್ಕದಲ್ಲಿ ಸಡಿಲ ಸಿಗಲಿಲ್ಲ.

"ನನಗೆ ಹೇಳಬಹುದಿತ್ತಲ್ಲೇ."

"ಹೇಳಿದ್ರೆ ಹೋಗ್ತಿದ್ರಾ?" ಅವಳ ಧ್ವನಿ ಮೆತ್ತಗಾಯಿತು. "ಮೆಣಸಿನ ಡಬ್ಬಿ ತೆಗೆಯೋಕೂ ನಿಮ್ಮ ಅಪ್ಪಣೆ ಕೇಳೋ ಹಾಗಾಗಿತ್ತು ನನಗೆ. ಇವತ್ತು ನೀವು ಹೋದ ಮೇಲೆ ಚಾಕು ಅಂಚಿಗೇ ಇಟ್ಟಿದ್ದೆ. ಬೀಳಲಿಲ್ಲ ಕಣ್ರೀ."

ಹುಷಾರಪ್ಪ ಕುರ್ಚಿಯ ಕಾಲಿಗೆ ಕಟ್ಟಿದ್ದ ಹಗ್ಗದ ಗಂಟನ್ನು ಎಳೆದು ನೋಡಿದ.

"ಅಪರೂಪಕ್ಕೆ ಬಂದು ಹೋಗ್ತಿರಿ" ಅಂದಳು. "ಬಂದಾಗ ಎರಡು ದಿನ ಇದ್ದು ಹೋಗಿ."

"ಮುಂದಿನ ಕೋಣೇಲಾ?"

"ಅದು ಅವನದಲ್ವಾ? ನಡುಮನೇಲಿ ಹಾಸಿಕೊಡ್ತೀನಿ."

ಹೊರಗೆ ಪಿಕಪ್ಪು ಗುರ್ರ್ ಅಂದಿತು. ಹುಷಾರಪ್ಪ ಧಡಕ್ಕನೆ ಎದ್ದು ಓಡಿದ. ಗೇಟಿನ ಆಚೆ ಪಿಕಪ್ಪು ಆಗಲೇ ಹೊರಳಿ ನಿಂತಿತ್ತು. ಸ್ಟೇರಿಂಗಿನಲ್ಲಿ ಭಾವಮೈದ. ಪಕ್ಕದಲ್ಲಿ ಮ್ಯಾನೇಜರು, ಎರಡು ಜನರ ಜಾಗದಲ್ಲಿ ಕಾಲು ಚಾಚಿ ಆರಾಮಾಗಿ.

"ಪಿಕಪ್ಪಾದ್ರೂ ಬಿಟ್ಟುಹೋಗೋ!"

"ನಿಂತ ಮನೆಗೆ ಎತ್ತು ಯಾಕೆ ಭಾವ?" ಭಾವಮೈದ ಕಿಟಕಿಯಿಂದ ತಲೆ ಹೊರಹಾಕಿದ. "ನೀವು ಕೆಲಸಕ್ಕೆ ಸೇರಿದ ಮೇಲೆ ನಾನು ಸುಮ್ನೆ ಕೂತಿರೋದು ಸರೀನಾ? ಬಾಡಿಗೆ ಓಡಿಸ್ತೀನಿ. ನೀವು ಯೋಚನೆ ಮಾಡ್ಬೇಡಿ."

ಕರಕರ ಸದ್ದು ಮಾಡಿ ಗೇರು ಬಿತ್ತು. ಪಿಕಪ್ಪು ಮುಗ್ಗರಿಸಿ ಹೊರಟಿತು. ಹುಷಾರಪ್ಪನ ಗಂಟಲಿಗೆ ಮನೆಹಾಳ, ದ್ರೋಹಿ, ಉಂಡ ಮನೆಗೆ ಎರಡು ಬಗೆದವನೇ ಎಂಬಿತ್ಯಾದಿ ಎಷ್ಟೋ ಮಾತುಗಳು ಒಟ್ಟಿಗೇ ನುಗ್ಗಿ ಬಂದವು. ಧೂಳಿನಲ್ಲಿ ಓಡುತ್ತ, ಎರಡೂ ಕೈ ಎತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ ಅವನು ಕೂಗಿದ:

"ಕ್ಲಚ್ಚು ಪೂರ್ತಿ ಒತ್ತೋ! ಇಳಿಜಾರಲ್ಲಿ ಗೇರು ಇಳಿಸು! ಹುಷಾರು!"

ಭಾವಮೈದ ಹಿಂದೆ ನೋಡದೆ ಕೈ ಬೀಸಿದ. ಧೂಳು ಅಡಗುವವರೆಗೆ ಹುಷಾರಪ್ಪ ನಿಂತಿದ್ದ. ಸೂಪರ್‌ವೈಸರೂ ತನ್ನ ಮೋಟರ್‌ಬೈಕು ಹತ್ತಿ, "ನಾಳೆ ಸಿಗ್ತೀನಿ ಯಜಮಾನ್ರೇ" ಅಂತ ಹೋದ. ಉಳಿದದ್ದು ಕೆರೆ, ಇಟ್ಟಿಗೆ, ಗಾಳಿ.

ಗೇಟು ಮುಚ್ಚಿ ಬೀಗ ಹಾಕಿದ. ಮೂರು ಸಲ ಅಲ್ಲಾಡಿಸಿದ.

ಹೊರಗಿದ್ದ ಪತ್ರಿಕೆಯ ಒಂದು ಕಟ್ಟನ್ನು ಎತ್ತಿಕೊಂಡು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಇಳಿಬಿಸಿಲು ಕಿಟಕಿಯಿಂದ ಬಂದು ಸರಿಯಾಗಿ ಮೊಣಕಾಲಿನ ಮೇಲೆ ಬಿತ್ತು. ಕೈಗೆಟಕುವಷ್ಟು ದೂರದಲ್ಲಿ ಮ್ಯಾನೇಜರ ಪತ್ರಿಕೆಯ ಕಟ್ಟು. ಮಾತಾಡಿಸುವವರು ಯಾರೂ ಇಲ್ಲ. ಇಡೀ ಕೋಣೆಗೆ ಒಬ್ಬನೇ.

ಸ್ವಲ್ಪ ಹೊತ್ತು ಕೂತವನು ಏನೋ ನೆನಪಾಗಿ ಎದ್ದು ಹೊರಗೆ ಹೋದ. ಬಗ್ಗಿ, ಗಾಲಿಗೆ ಕೊಟ್ಟ ಕಲ್ಲುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಒಂದೂ ಕದಲಲಿಲ್ಲ. ಅಷ್ಟು ಬಿಗಿಯಾಗಿ ಬಡಿದಿದ್ದ.